ಕಡಲು ಕಾಣದ ಸೀಮೆಯಿಂದ ಕಡಲಿನ ಚಿತ್ರ

ಕಡಲತಡಿಯ ನೋಟವನ್ನು ಬಿಡಿಸಿದ ಆಧುನಿಕ ಚಿತ್ರದಲ್ಲಿ ಎಷ್ಟೋ ಸಲ ಮೂರು ಪಟ್ಟಿಗಳಿಗಿಂತ ಹೆಚ್ಚೇನೂ ಇರುವುದಿಲ್ಲ. ಕೆಳಗೆ ನೆಲದ್ದೊಂದು, ನಡುವೆ ನೀರಿನದೊಂದು, ಮೇಲೆ ಆಕಾಶದ್ದೊಂದು. ನೆಲ ಗುಲಾಬಿ ಬಣ್ಣಕ್ಕೆ ತಿರುಗಿರಬಹುದು, ನೀರು ಹಸಿರೋ ಕಿತ್ತಳೆಯೋ ಆಗಿರಬಹುದು, ಮೋಡ ಇರಬೇಕಾದಲ್ಲಿ ಕುಂಚ ಎಳೆದ ದಪ್ಪ ಗೀಟುಗಳೇ ಉಳಿದಿರಬಹುದು. ದೋಣಿ ಇದ್ದರೆ ಅದೂ ಎರಡು ಮಚ್ಚೆ ಬಣ್ಣ, ಅಷ್ಟೆ. ಮೊದಲ ಸಲ ನೋಡಿದವರಿಗೆ ಇದು ಅರ್ಧಕ್ಕೆ ಕೈಬಿಟ್ಟ ಕೆಲಸದಂತೆ ತೋರುವುದು ಸಹಜ. ಆದರೆ ಆಧುನಿಕ ಚಿತ್ರಕಲೆ ಬೆಳೆದದ್ದು ಬಹುಮಟ್ಟಿಗೆ ಇಂಥ ದಂಡೆಗಳ ಮೇಲೆಯೇ. 1870ರಿಂದ 1915ರವರೆಗೆ ಯುರೋಪಿನ ಚಿತ್ರಕಾರರು ಮತ್ತೆ ಮತ್ತೆ ಕಡಲತಡಿಗೆ ಹೋದರು. ಕಡಲನ್ನು ಬಿಡಿಸುತ್ತ ಬಿಡಿಸುತ್ತ ಚಿತ್ರವೆಂದರೇನು ಎಂಬ ತಿಳಿವಳಿಕೆಯನ್ನೇ ಬದಲಿಸಿಬಿಟ್ಟರು.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಗೆ ಕಡಲಿಲ್ಲ. ಇರುವುದು ಕಾವೇರಿ, ಸುವರ್ಣಾವತಿ, ಉಡುತೊರೆ ಹಳ್ಳ, ಕೆರೆಗಳು. ಆದರೂ ಕಡಲು ಹೆಸರಿನಲ್ಲಿ ಬಂದು ಕೂತಿದೆ. ಕಾವೇರಿ ಎರಡು ಕವಲಾಗಿ ಸುತ್ತುವರಿದ ದ್ವೀಪಕ್ಕೆ ಶಿವನಸಮುದ್ರ ಎಂದೇ ಹೆಸರು. ಒಳನಾಡಿನ ಕನ್ನಡಿಗರು ದೊಡ್ಡ ನೀರನ್ನೆಲ್ಲ ಸಮುದ್ರ, ಸಾಗರ ಎಂದೇ ಕರೆದವರು. ಆ ದ್ವೀಪದಲ್ಲಿ ಮಧ್ಯರಂಗನ ಗುಡಿಯಿದೆ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗ, ಇವರಿಬ್ಬರ ನಡುವಿನವನು ಈತ. ಹಾವಿನ ಹಾಸಿಗೆಯ ಮೇಲೆ ಪವಡಿಸಿದ ರಂಗನಾಥ ಮಲಗಿರುವುದು ಕ್ಷೀರಸಾಗರದಲ್ಲಿ. ಅಂದರೆ ಕಡಲನ್ನು ಕಾಣದ ಈ ಸೀಮೆ ಅದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು ಬಹಳ ಕಾಲವಾಗಿದೆ. ಕಡಲನ್ನು ಕಂಡವರಿಗೆ ಮಾತ್ರ ಕಡಲಿನ ಆಧುನಿಕ ಚಿತ್ರ ಅರ್ಥವಾಗುತ್ತದೆ ಎಂದೇನಿಲ್ಲ. ಬೆಟ್ಟವನ್ನೂ ಮಗ್ಗವನ್ನೂ ತುಂಬು ಹೊಳೆಯನ್ನೂ ನೋಡಿ ಬೆಳೆದ ಕಣ್ಣಿಗೆ ಅದು ಇನ್ನೂ ಬೇಗ ಒದಗೀತು.

ಆಧುನಿಕರು ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ತಿಳಿಯಲು ಅವರ ಹಿಂದಿನವರು ಏನು ಮಾಡುತ್ತಿದ್ದರು ಎಂಬುದನ್ನು ನೋಡಬೇಕು. ಹನೂರಿನಿಂದ ಕೌದಳ್ಳಿ ದಾಟಿ, ತಾಳಬೆಟ್ಟದಿಂದ ಘಟ್ಟ ಹತ್ತಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದವರಿಗೆ ಎಪ್ಪತ್ತೇಳು ಮಲೆಯ ನೋಟ ಗೊತ್ತು. ಮುಂದಿನ ಮಲೆ ಗಾಢ ಹಸಿರು, ಅದರಾಚೆಯದು ಹಸಿರು ಬೆರೆತ ನೀಲಿ, ಅದಕ್ಕೂ ಆಚೆಯದು ಬರೀ ನೀಲಿ, ಕೊನೆಯದು ಆಕಾಶವೋ ಬೆಟ್ಟವೋ ಹೇಳಲಾಗದಷ್ಟು ತೆಳು. ಕಾಡು ಎಲ್ಲ ಕಡೆಯೂ ಹಸಿರೇ. ಆದರೆ ಕಣ್ಣಿಗೂ ದೂರದ ಮಲೆಗೂ ನಡುವೆ ಇರುವ ಗಾಳಿ ಬೆಳಕನ್ನು ಚದುರಿಸುತ್ತದೆ, ನೀಲಿಯನ್ನು ಉಳಿದ ಬಣ್ಣಗಳಿಗಿಂತ ಹೆಚ್ಚಾಗಿ ಚದುರಿಸುತ್ತದೆ. ದೂರ ಹೆಚ್ಚಿದಷ್ಟೂ ನೋಡುವವರು ಮಲೆಗಿಂತ ನಡುವಿನ ಗಾಳಿಯನ್ನೇ ಹೆಚ್ಚು ನೋಡುತ್ತಿರುತ್ತಾರೆ. ಇದನ್ನು ಇಟಲಿಯ ಲಿಯೊನಾರ್ದೊ ದ ವಿಂಚಿ ಐದು ಶತಮಾನಗಳ ಹಿಂದೆ ಗಮನಿಸಿ ಬರೆದಿಟ್ಟ. ಅಂದಿನಿಂದ ಯುರೋಪಿನ ನಿಸರ್ಗ ಚಿತ್ರಕ್ಕೆ ಇದು ನಿಯಮವೇ ಆಯಿತು: ಹತ್ತಿರದ್ದು ಸ್ಪಷ್ಟ, ಗಾಢ, ಬೆಚ್ಚಗಿನ ಬಣ್ಣ, ದೂರದ್ದು ಮಸುಕು, ತೆಳು, ನೀಲಿ. ರಸ್ತೆಯ ಎರಡು ಅಂಚು ದೂರದಲ್ಲಿ ಒಂದೇ ಬಿಂದುವಿನಲ್ಲಿ ಕೂಡುವ ರೇಖೆಗಳ ಲೆಕ್ಕ ಇದರ ಜೊತೆಗಿತ್ತು. ಎರಡೂ ಸೇರಿದಾಗ ಕ್ಯಾನ್ವಾಸು ಗೋಡೆಯಲ್ಲಿ ತೆರೆದ ಕಿಟಕಿಯಂತಾಗಿ, ನೋಡುವವರು ಅದರೊಳಗೆ ನಡೆದುಹೋಗಬಹುದು ಎನಿಸುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಕ್ಲೋದ್ ಲೊರೇನ್ ಬಿಡಿಸಿದ ಬಂದರುಗಳು ಇದರ ಶಿಖರ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಿಟಕಿಗೆ ಪೆಟ್ಟು ಬಿದ್ದದ್ದು ಹಲವು ಕಡೆಯಿಂದ. ಅದರಲ್ಲಿ ಕೆಲವು ಕಾರಣಗಳು ತೀರ ಲೌಕಿಕವಾದವು, ಅದಕ್ಕೇ ಅವನ್ನು ಜನ ಮರೆಯುತ್ತಾರೆ. ಅದುವರೆಗೆ ಚಿತ್ರಕಾರ ಬಣ್ಣವನ್ನು ಎಣ್ಣೆಯಲ್ಲಿ ಅರೆದು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡಬೇಕಿತ್ತು. ಚುಚ್ಚಿದ ಮೇಲೆ ಅದು ಒಣಗುತ್ತಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಇಂದು ಟೂತ್‌ಪೇಸ್ಟ್ ಬರುವುದೂ ಹಾಗೆಯೇ ಹಿಂಡುವ ಟ್ಯೂಬಿನಲ್ಲಿ. ಬಣ್ಣ ಜೇಬಿಗೆ ಬಂತು. ಬೆಟ್ಟದಿಂದ ಅಗೆದು ತರುತ್ತಿದ್ದ, ಚಿನ್ನದಷ್ಟು ಬೆಲೆಬಾಳುತ್ತಿದ್ದ ಅಲ್ಟ್ರಾಮರೀನ್ ನೀಲಿಯನ್ನು 1820ರ ದಶಕದಲ್ಲಿ ಕಾರ್ಖಾನೆಯಲ್ಲಿ ಮಾಡುವ ದಾರಿ ಸಿಕ್ಕಿತು. ಅದಕ್ಕೂ ಮೊದಲೇ ಕೋಬಾಲ್ಟ್ ನೀಲಿ ಬಂದಿತ್ತು. ಕಡಲು ಬಿಡಿಸುವವನಿಗೆ ನೀಲಿ ಅಗ್ಗವಾಗುವುದು ಸಣ್ಣ ಸಂಗತಿಯಲ್ಲ. ಜೊತೆಗೆ ರೈಲು ಬಂತು. ಪ್ಯಾರಿಸ್ಸಿನಲ್ಲಿ ಬೆಳಿಗ್ಗೆ ಹತ್ತಿದವರು ಸಂಜೆಯೊಳಗೆ ನಾರ್ಮಂಡಿಯ ತೀರದಲ್ಲಿ ಇಳಿಯತೊಡಗಿದರು. ಛಾಯಾಚಿತ್ರವೂ ಹುಟ್ಟಿತ್ತು. ಇದ್ದದ್ದನ್ನು ಇದ್ದಂತೆ ತೋರಿಸುವ ಕೆಲಸವನ್ನು ಅದು ವಹಿಸಿಕೊಂಡಾಗ, ಚಿತ್ರಕಾರ ತನ್ನ ಕೆಲಸ ಯಾವುದೆಂದು ಮತ್ತೆ ಯೋಚಿಸಬೇಕಾಯಿತು.

1872ರಲ್ಲಿ ಕ್ಲೋದ್ ಮೊನೆ ಲ ಹಾವ್ರ್ ಬಂದರಿನ ಬೆಳಗನ್ನು ಬಿಡಿಸಿದ. ಮಂಜು ಕವಿದ ಬೂದು-ನೀಲಿ ನೀರು, ಮಸುಕಾದ ಹಡಗಿನ ಕಂಬಗಳು, ಒಂದೆರಡು ಸಣ್ಣ ದೋಣಿ, ಕಿತ್ತಳೆ ಬಣ್ಣದ ಪುಟ್ಟ ಸೂರ್ಯ. ಚಿತ್ರ ದೊಡ್ಡದೇನಲ್ಲ: 48 ಸೆಂಟಿಮೀಟರ್ ಎತ್ತರ, 63 ಸೆಂಟಿಮೀಟರ್ ಅಗಲ. 1874ರಲ್ಲಿ ಪ್ಯಾರಿಸ್ಸಿನಲ್ಲಿ, ನಾದಾರ್ ಎಂಬ ಛಾಯಾಚಿತ್ರಕಾರ ಬಿಟ್ಟುಹೋಗಿದ್ದ ಸ್ಟುಡಿಯೊದಲ್ಲಿ ಅದು ಪ್ರದರ್ಶನಕ್ಕೆ ಬಂತು. ಹೆಸರು ‘ಇಂಪ್ರೆಷನ್, ಸನ್‌ರೈಸ್’. ಲೂಯಿ ಲೆರ್ವಾ ಎಂಬ ವಿಮರ್ಶಕ ಆ ಹೆಸರನ್ನೇ ಹಿಡಿದು ಎಲ್ಲರನ್ನೂ ಇಂಪ್ರೆಷನಿಸ್ಟರು ಎಂದು ಗೇಲಿ ಮಾಡಿದ. ಗೇಲಿಯ ಹೆಸರೇ ಪಂಥದ ಹೆಸರಾಗಿ ನಿಂತಿತು. ಆ ಸೂರ್ಯನಲ್ಲಿ ಒಂದು ವಿಶೇಷವಿದೆ. ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ಅಚ್ಚು ಹಾಕಿದರೆ ಸೂರ್ಯ ಹೆಚ್ಚುಕಡಿಮೆ ಮಾಯವಾಗುತ್ತಾನೆ. ಅವನ ಹೊಳಪು ಸುತ್ತಲಿನ ಆಕಾಶದಷ್ಟೇ ಇದೆ. ಬೇರೆಯಾಗಿರುವುದು ಬಣ್ಣ ಮಾತ್ರ. ಬಿಳಿ ಬಳಿದು ಹೊಳೆಯಿಸದೆ, ನೀಲಿಯ ನಡುವೆ ಕಿತ್ತಳೆಯನ್ನು ಇಟ್ಟು ಅವನನ್ನು ಉರಿಸಿದ್ದಾನೆ ಮೊನೆ.

ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನು ಉರಿಸುತ್ತದೆ ಅಥವಾ ಆರಿಸುತ್ತದೆ ಎಂಬುದು ಕೊಳ್ಳೇಗಾಲದ ನೇಕಾರರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ರೇಷ್ಮೆ ಸೀರೆಯ ಒಡಲಿಗೆ ಯಾವ ಅಂಚು ಕೂಡುತ್ತದೆ, ಯಾವ ಸೆರಗು ಅದನ್ನು ಎತ್ತಿಹಿಡಿಯುತ್ತದೆ ಎಂಬ ಎಣಿಕೆ ಅಲ್ಲಿ ತಲೆಮಾರುಗಳಿಂದ ಬಂದದ್ದು. ಹಾಸಿಗೆ ಒಂದು ಬಣ್ಣದ ನೂಲು, ಹೊಕ್ಕಿಗೆ ಇನ್ನೊಂದು ಹಾಕಿದರೆ ಬಟ್ಟೆ ತಿರುಗಿಸಿದಂತೆ ಬಣ್ಣವೂ ತಿರುಗುತ್ತದೆ. ಕೆಂಪು ಹಾಸಿನ ಮೇಲೆ ಹಸಿರು ಹೊಕ್ಕು ಬಂದಾಗ ಮಡಿಕೆಯ ಒಂದು ಮಗ್ಗುಲಿನಲ್ಲಿ ಕೆಂಪು, ಮತ್ತೊಂದರಲ್ಲಿ ಹಸಿರು ಮಿಂಚುತ್ತದೆ. ಬಣ್ಣ ಬೆರೆತದ್ದು ಅದ್ದುವ ಪಾತ್ರೆಯಲ್ಲಲ್ಲ, ನೋಡುವವರ ಕಣ್ಣಿನಲ್ಲಿ.

ಆಧುನಿಕ ಚಿತ್ರಕಲೆಯ ವರ್ಣಶಾಸ್ತ್ರ ಹುಟ್ಟಿದ್ದೂ ಮಗ್ಗದ ಮನೆಯಲ್ಲೇ. ಪ್ಯಾರಿಸ್ಸಿನ ಗೋಬ್ಲಾಂ ಕಾರ್ಖಾನೆಯಲ್ಲಿ ಗೋಡೆಗೆ ತೂಗುಹಾಕುವ ಚಿತ್ರದ ಬಟ್ಟೆಗಳನ್ನು ನೇಯುತ್ತಿದ್ದರು. ಅಲ್ಲಿನ ಬಣ್ಣ ಅದ್ದುವ ವಿಭಾಗದ ಮುಖ್ಯಸ್ಥ ಮಿಶೆಲ್ ಯೂಜೇನ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ. ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ ಎಂದು ಅವನಿಗೆ ದೂರು ಬಂತು. ನೂಲನ್ನು ಪರೀಕ್ಷಿಸಿದರೆ ದೋಷವೇನೂ ಇರಲಿಲ್ಲ. ನೀಲಿ, ನೇರಳೆ ನೂಲುಗಳ ಪಕ್ಕ ಕೂತಾಗ ಮಾತ್ರ ಕಪ್ಪು ಸೊರಗುತ್ತಿತ್ತು. ಪಕ್ಕಪಕ್ಕದ ಎರಡು ಬಣ್ಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಕೆಂಪಿನ ಪಕ್ಕದ ಬೂದು ಹಸಿರಿಗೆ ವಾಲಿದಂತೆ ಕಾಣುತ್ತದೆ ಎಂಬ ನಿಯಮವನ್ನು ಅವನು 1839ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಚಿತ್ರಕಾರರು ಅದನ್ನು ಕೈಪಿಡಿಯಂತೆ ಓದಿದರು. ಜಾರ್ಜ್ ಸೆರಾ 1885ರಿಂದ ಬೇಸಗೆಯಲ್ಲಿ ಇಂಗ್ಲಿಷ್ ಕಾಲುವೆಯ ತೀರದ ಊರುಗಳಿಗೆ ಹೋಗಿ, ಕಡಲನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿದ. ನೀಲಿ ಚುಕ್ಕಿಯ ಪಕ್ಕ ಕಿತ್ತಳೆ ಚುಕ್ಕಿ, ಹಸಿರಿನ ಪಕ್ಕ ಗುಲಾಬಿ. ಗ್ರಾಂಕಾಂ, ಓನ್‌ಫ್ಲರ್, ಗ್ರಾವ್‌ಲೀನ್ ಊರುಗಳ ಅವನ ಚಿತ್ರಗಳಲ್ಲಿ ಜನ ತೀರ ಕಡಿಮೆ, ಗಾಳಿ ನಿಂತುಹೋದಂತಿದೆ. 1891ರಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ 31 ವರ್ಷ. ಆ ಚುಕ್ಕಿಗಳನ್ನು ಹತ್ತಿರದಿಂದ ನೋಡುವುದೆಂದರೆ ನೇಯ್ಗೆಯನ್ನು ಭೂತಗಾಜಿನಲ್ಲಿ ನೋಡಿದ ಹಾಗೆ.

ಬಣ್ಣದ ಮಾತು ಹೀಗಾಯಿತು. ದೂರದ ಮಾತು ಇದಕ್ಕಿಂತ ಕಷ್ಟದ್ದು. ಅದನ್ನು ಎದುರಿಸಿದವನು ಪಾಲ್ ಸೆಜಾನ್. ಮಾರ್ಸೇಲ್ ನಗರದ ಬಳಿ, ಮೆಡಿಟರೇನಿಯನ್ ತೀರದಲ್ಲಿ ಎಸ್ತಾಕ್ ಎಂಬ ಊರಿದೆ. ಆಗ ಅದು ಮೀನುಗಾರರ ಊರೂ ಹೌದು, ಹೆಂಚಿನ ಕಾರ್ಖಾನೆಗಳ ಊರೂ ಹೌದು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವಾದಾಗ ಸೈನ್ಯಕ್ಕೆ ಸೇರುವುದನ್ನು ತಪ್ಪಿಸಿಕೊಳ್ಳಲು ಸೆಜಾನ್ ಅಲ್ಲಿಗೆ ಹೋದ. ಮುಂದಿನ ಹದಿನೈದು ವರ್ಷಗಳಲ್ಲಿ ಮತ್ತೆ ಮತ್ತೆ ಅಲ್ಲಿಗೇ ಮರಳಿದ. 1876ರಲ್ಲಿ ಚಿತ್ರಕಾರ ಗೆಳೆಯ ಪಿಸಾರೊಗೆ ಬರೆದ ಕಾಗದದಲ್ಲಿ, ನೀಲಿ ಕಡಲಿನ ಮೇಲೆ ಕೆಂಪು ಮಾಡುಗಳು ಇಸ್ಪೀಟಿನ ಎಲೆಯಂತೆ ಕಾಣುತ್ತವೆ ಎಂದು ಹೇಳಿದ್ದಾನೆ. ಅಲ್ಲಿನ ಬಿಸಿಲು ಎಷ್ಟು ತೀಕ್ಷ್ಣವೆಂದರೆ ವಸ್ತುಗಳು ಉಬ್ಬುತಗ್ಗು ಕಳೆದುಕೊಂಡು ಬರೀ ಆಕಾರವಾಗಿ ಉಳಿಯುತ್ತವೆ ಎಂಬುದು ಅವನ ಗಮನಿಕೆ.

ಸುಮಾರು 1885ರಲ್ಲಿ ಅವನು ಬಿಡಿಸಿದ ಮಾರ್ಸೇಲ್ ಕೊಲ್ಲಿಯ ನೋಟ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಕೆಳಗೆ ಊರಿನ ಮಾಡುಗಳು, ಗೋಡೆಗಳು, ಒಂದು ಕಾರ್ಖಾನೆಯ ಚಿಮಣಿ. ನಡುವೆ ಕಡಲು. ಆಚೆ ದಡದಲ್ಲಿ ಬೆಟ್ಟದ ಸಾಲು, ಅದರ ಮೇಲೆ ಆಕಾಶ. ಹಳೆಯ ನಿಯಮದ ಪ್ರಕಾರ ಆ ಕಡಲು ಹಿಂದೆ ಹಿಂದೆ ಸರಿಯುತ್ತ ತೆಳುವಾಗಬೇಕು, ಬೆಟ್ಟ ಮಂಜಾಗಬೇಕು. ಎರಡೂ ಆಗುವುದಿಲ್ಲ. ಕಡಲು ಗೋಡೆಯಂತೆ ಎದ್ದು ನಿಲ್ಲುತ್ತದೆ. ಅದಕ್ಕೆ ತೂಕವಿದೆ, ಅಲೆಯಿಲ್ಲ. ಆಚೆಯ ಬೆಟ್ಟಕ್ಕೆ ಈಚೆಯ ಮಾಡಿನಷ್ಟೇ ಗಟ್ಟಿತನವಿದೆ. ಎಪ್ಪತ್ತೇಳು ಮಲೆಯ ಕೊನೆಯ ಮಲೆಯನ್ನೂ ಮೊದಲ ಮಲೆಯಷ್ಟೇ ಗಟ್ಟಿಯಾಗಿ ಬಿಡಿಸಿದರೆ ಹೇಗಿರುತ್ತದೋ ಹಾಗೆ. ಹೀಗೆ ಮಾಡಿದಾಗ ದೂರ ಇಲ್ಲವಾಗುತ್ತದೆಯೇ? ಇಲ್ಲ; ದೂರವನ್ನು ಮಸುಕಿನಿಂದ ಹೇಳುವ ಬದಲು ಬಣ್ಣದಿಂದ ಹೇಳಬೇಕಾಗುತ್ತದೆ. ಕೆಂಪು, ಕಂದು ಬಣ್ಣಗಳು ಮುಂದೆ ಬರುತ್ತವೆ, ನೀಲಿ ಹಿಂದೆ ಸರಿಯುತ್ತದೆ. ಚಿತ್ರ ಒಂದೇ ಸಮಯದಲ್ಲಿ ಆಳವಾಗಿಯೂ ಚಪ್ಪಟೆಯಾಗಿಯೂ ಇರುತ್ತದೆ. ಕಣ್ಣು ಕೊಲ್ಲಿಯ ಆಚೆ ದಡಕ್ಕೆ ಹೋಗಿ, ತಟಕ್ಕನೆ ಕ್ಯಾನ್ವಾಸಿನ ಮೇಲ್ಮೈಗೆ ಮರಳುತ್ತದೆ, ಮತ್ತೆ ಹೋಗುತ್ತದೆ. ಈ ಹೋಗಿಬರುವಿಕೆಯೇ ಆ ಚಿತ್ರದ ಜೀವ. ಆಧುನಿಕ ನಿಸರ್ಗ ಚಿತ್ರದ ಬಗ್ಗೆ ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಬೇಕು.

ಮುಂದಿನದು ವೇಗವಾಗಿ ನಡೆಯಿತು. 1905ರ ಬೇಸಗೆಯಲ್ಲಿ ಆನ್ರಿ ಮಾತಿಸ್, ಆಂದ್ರೆ ದೆರಾಂ ಇಬ್ಬರೂ ಸ್ಪೇನ್ ಗಡಿಯ ಹತ್ತಿರದ ಕೊಲಿಯೂರ್ ಎಂಬ ಮೀನುಗಾರರ ಊರಿನಲ್ಲಿ ಕೂತು ಕಡಲಿಗೆ ಗುಲಾಬಿ, ದೋಣಿಗೆ ಕೆಂಪು, ಮರಳಿಗೆ ಕೇಸರಿ ಹಾಕಿದರು. ಅದೇ ವರ್ಷದ ಪ್ಯಾರಿಸ್ ಪ್ರದರ್ಶನದಲ್ಲಿ ವಿಮರ್ಶಕ ಲೂಯಿ ವೋಸೆಲ್ ಅವರ ಬಳಗವನ್ನು ಕಾಡುಮೃಗಗಳು, ಫ್ರೆಂಚಿನಲ್ಲಿ ಫಾವ್, ಎಂದು ಕರೆದ. ಫಾವ್ ಪಂಥದ ಹೆಸರು ಅಲ್ಲಿಂದ ಬಂತು. 1908ರಲ್ಲಿ ಜಾರ್ಜ್ ಬ್ರಾಕ್ ಸೆಜಾನನ ಅದೇ ಎಸ್ತಾಕಿಗೆ ಹೋಗಿ ಮನೆಗಳನ್ನು ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳಂತೆ ಬಿಡಿಸಿ ತಂದ. ಅವುಗಳಿಗೆ ಬಾಗಿಲಿಲ್ಲ, ಕಿಟಕಿಯಿಲ್ಲ; ಆಕಾಶಕ್ಕೂ ಜಾಗವಿಲ್ಲ. ಆ ವರ್ಷ ವೋಸೆಲ್ ಅವುಗಳಲ್ಲಿ ಕಂಡದ್ದು ಘನಗಳನ್ನು, ಅಂದರೆ ಕ್ಯೂಬುಗಳನ್ನು. ಕ್ಯೂಬಿಸಂಗೆ ಹೆಸರು ಬಂದದ್ದು ಹೀಗೆ ಕಡಲೂರಿನ ಚಿತ್ರಗಳಿಂದ.

ಕಡಲನ್ನು ಇನ್ನೂ ದೂರಕ್ಕೆ ಒಯ್ದವನು ಡಚ್ ಚಿತ್ರಕಾರ ಪಿಯೆತ್ ಮೊಂಡ್ರಿಯನ್. 1914ರಲ್ಲಿ ತಂದೆಯನ್ನು ನೋಡಲು ಪ್ಯಾರಿಸ್ಸಿನಿಂದ ಊರಿಗೆ ಬಂದಾಗ ಮಹಾಯುದ್ಧ ಶುರುವಾಗಿ ಅವನು ಅಲ್ಲೇ ಉಳಿಯಬೇಕಾಯಿತು. ಕಡಲಿನೊಳಗೆ ಚಾಚಿದ ಕಟ್ಟೆಯ ತುದಿಯಿಂದ ನೀರು ನೋಡುತ್ತ ನಿಂತ ಅನುಭವದಿಂದ 1915ರ ಚಿತ್ರಗಳು ಬಂದವು. ಅಲ್ಲಿ ಇರುವುದು ಅಡ್ಡ ಗೀಟು, ಉದ್ದ ಗೀಟು ಮಾತ್ರ. ಅಲ್ಲಲ್ಲಿ ಎರಡೂ ಸೇರಿ ಕೂಡಿಸುವ ಚಿಹ್ನೆಯಾಗುತ್ತವೆ. ಕೆಳಗೆ ನಡುವಿನಲ್ಲಿ ನೆಟ್ಟಗೆ ನಿಂತ ಕೆಲವು ಗೀಟುಗಳೇ ಕಟ್ಟೆ. ಉಳಿದದ್ದೆಲ್ಲ ನೀರಿನ ಮಿನುಗು.

ಇದೆಲ್ಲ ಹೇಗೆ ಕಡಲಾದೀತು ಎಂದು ಕೇಳುವವರು ಮುಂಗಾರಿನಲ್ಲಿ ಶಿವನಸಮುದ್ರದ ಭರಚುಕ್ಕಿ ಜಲಪಾತದ ಎದುರು ನಿಲ್ಲಬೇಕು. ಕಬಿನಿಯಿಂದ, ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ ಕಾವೇರಿ ಬಂಡೆಯ ಅಗಲಕ್ಕೂ ಹರಡಿ ಬೀಳುತ್ತದೆ. ನೀರಿನ ಬಣ್ಣ ನೀಲಿಯಲ್ಲ, ಕೆಮ್ಮಣ್ಣಿನದು, ಬಿದ್ದಲ್ಲಿ ಬಿಳಿ. ಕಣ್ಣು ಒಂದು ಹನಿಯನ್ನು ಹಿಡಿಯಲು ನೋಡಿದರೆ ಅದು ಆಗಲೇ ಕೆಳಗಿದೆ. ಆದರೆ ಹೊಳೆ ಬೀಳುವ ಆಕಾರ ಮಾತ್ರ ಕದಲುವುದಿಲ್ಲ. ಬಂಡೆ ಸೀಳಿದಲ್ಲಿ ನೀರು ಸೀಳುತ್ತದೆ, ಬಂಡೆ ತಡೆದಲ್ಲಿ ಅಡ್ಡ ಹಾಯುತ್ತದೆ. ನೀರು ಪ್ರತಿ ಗಳಿಗೆಗೂ ಬೇರೆ, ನೇರ ಮತ್ತು ಅಡ್ಡ ಗೆರೆಗಳ ಆ ಹಂದರ ಮಾತ್ರ ಒಂದೇ. ಮೊಂಡ್ರಿಯನ್ ಬಿಡಿಸಿದ್ದು ಅಂಥ ಹಂದರವನ್ನು. ನೀರಿನ ಯಥಾರ್ಥ ಹನಿಯಲ್ಲಿದೆಯೋ ಹಂದರದಲ್ಲಿದೆಯೋ ಎಂಬ ಪ್ರಶ್ನೆಗೆ ಭರಚುಕ್ಕಿಯಲ್ಲಿ ನಿಂತವರು ತಕ್ಷಣ ಒಂದೇ ಉತ್ತರ ಕೊಡಲಾರರು.

ಭಾರತದಲ್ಲಿ ಈ ಕಥೆ ಬೇರೆ ದಾರಿ ಹಿಡಿಯಿತು. ಇಲ್ಲಿ ಚಿತ್ರ ಎಂದೂ ಕಿಟಕಿಯಾಗಿರಲಿಲ್ಲ. ರಾಜಸ್ಥಾನದ, ಪಹಾಡಿ ನಾಡಿನ ಕಿರುಚಿತ್ರಗಳಲ್ಲಿ ನೀರನ್ನು ಬುಟ್ಟಿ ಹೆಣೆದಂತೆ ಗೆರೆ ಗೆರೆಯಾಗಿ ಹೆಣೆದು, ನಡುವೆ ಮೀನು, ತಾವರೆ ಇಡುತ್ತಿದ್ದರು. ಹೊಳೆಯನ್ನು ಮೇಲಿನಿಂದ ನೋಡಿದಂತೆಯೂ ದಡದ ಮರವನ್ನು ಎದುರಿನಿಂದ ನೋಡಿದಂತೆಯೂ ಒಂದೇ ಹಾಳೆಯಲ್ಲಿ ಬಿಡಿಸುವುದಕ್ಕೆ ಯಾರಿಗೂ ಸಂಕೋಚವಿರಲಿಲ್ಲ. ಸೆಜಾನ್ ವರ್ಷಗಟ್ಟಲೆ ಹೆಣಗಿ ತಲುಪಿದ ಚಪ್ಪಟೆತನ ಇಲ್ಲಿ ಮೊದಲಿನಿಂದಲೂ ಇತ್ತು. ಆಮೇಲೆ ಬ್ರಿಟಿಷರ ಕಲಾಶಾಲೆಗಳು ಬಂದವು: 1850ರಲ್ಲಿ ಮದರಾಸು, 1854ರಲ್ಲಿ ಕಲ್ಕತ್ತ, 1857ರಲ್ಲಿ ಮುಂಬಯಿ. ಕೊಳ್ಳೇಗಾಲ ಸೀಮೆ 1956ರವರೆಗೂ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಆ ಶಾಲೆಗಳು ಕಿಟಕಿಯ ಲೆಕ್ಕವನ್ನು ಕಲಿಸಿದವು. ಹಾಗಾಗಿ ಭಾರತದ ಆಧುನಿಕ ಚಿತ್ರಕಾರ ಶಾಲೆಯಲ್ಲಿ ಕಲಿತ ಆಳವನ್ನು ಮರೆಯಬೇಕಿತ್ತು, ಮನೆಯಲ್ಲಿದ್ದ ಚಪ್ಪಟೆತನವನ್ನು ಮತ್ತೆ ಹುಡುಕಿಕೊಳ್ಳಬೇಕಿತ್ತು.

ಕನ್ನಡನಾಡಿನಲ್ಲಿ ನಿಸರ್ಗ ಚಿತ್ರವನ್ನು ಗಂಭೀರವಾಗಿ ಹಿಡಿದವರಲ್ಲಿ ಮೊದಲಿಗರು ಮೈಸೂರಿನ ಕೆ. ವೆಂಕಟಪ್ಪ (1886–1965). ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಅವರು ಊಟಿ, ಕೊಡೈಕೆನಾಲ್‌ಗಳ ಮಂಜು, ಕೆರೆ, ಇಳಿಜಾರುಗಳನ್ನು ಜಲವರ್ಣದಲ್ಲಿ ಬಿಡಿಸಿದರು. ಅವರದು ಕಿಟಕಿಯನ್ನು ಒಡೆಯುವ ಕೈಯಲ್ಲ, ಅದರ ಗಾಜನ್ನು ತಾಳ್ಮೆಯಿಂದ ಒರೆಸಿ ತಿಳಿಗೊಳಿಸುವ ಕೈ. ಬಿಳಿಗಿರಿರಂಗನ ಬೆಟ್ಟದ ಬೆಳಗಿನ ಮಂಜು ಕಂಡ ಯಳಂದೂರಿನವರಿಗೆ ಆ ಜಲವರ್ಣಗಳು ಹೊಸದೆನಿಸಲಾರವು.

ಕಡಲ ಬದಿಯ ಸೀಮೆಯಿಂದ ಬಂದು ಆಧುನಿಕ ಚಿತ್ರಕ್ಕೆ ಕನ್ನಡದ ಕೈ ಕೊಟ್ಟವರು ಕೆ. ಕೆ. ಹೆಬ್ಬಾರ್. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದರು. ತಂದೆ ಗಣಪತಿಯ ಮೂರ್ತಿಗಳನ್ನು ಮಾಡುತ್ತಿದ್ದವರು. ಹೆಬ್ಬಾರರು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಸ್ವಲ್ಪಕಾಲ ಕಲಿತು, ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿದರು. ಕಲಿತ ಮೇಲೆ 1940ರ ದಶಕದಲ್ಲಿ ಅಲ್ಲೇ ಮೇಷ್ಟರೂ ಆದರು. ಶಾಲೆಯ ಪಾಠದಲ್ಲಿ ಕೈ ಪಳಗಿದ್ದರೂ ಮನಸ್ಸು ಒಗ್ಗಿರಲಿಲ್ಲ. ಆ ಹೊತ್ತಿಗೆ ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು ಅವರ ಕಣ್ಣು ತೆರೆಸಿದವು. ಪ್ಯಾರಿಸ್ಸಿನಲ್ಲಿ ಕಲಿತ ಶೇರ್‌ಗಿಲ್ ಅಜಂತಾವನ್ನೂ ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳನ್ನೂ ನೋಡಿ, 1937ರಲ್ಲಿ ದಕ್ಷಿಣದ ಜನರನ್ನು ದೊಡ್ಡ ಚಪ್ಪಟೆ ಬಣ್ಣಗಳಲ್ಲಿ ಬಿಡಿಸಿದ್ದರು. 1941ರಲ್ಲಿ 28ನೆಯ ವಯಸ್ಸಿಗೇ ತೀರಿಕೊಂಡರು. ಹೆಬ್ಬಾರರು ಆ ದಾರಿಯಲ್ಲಿ ಕೇರಳ, ಕರಾವಳಿಗಳ ಕಡೆ ತಿರುಗಿದರು. ಕೆಮ್ಮಣ್ಣು, ತೆಂಗು, ಬಿಸಿಲಿಗೆ ಕಪ್ಪಾದ ಮೈಗಳು, ಬಿಳಿಯ ಬಟ್ಟೆ ಅವರ ಬಣ್ಣದ ಹಲಗೆಯನ್ನೇ ಬದಲಿಸಿದವು. 1949–50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿದ್ದು, ಮೊನೆಯಿಂದ ಬ್ರಾಕ್‌ವರೆಗಿನವರನ್ನು ಬೆಳೆಸಿದ ನಗರವನ್ನು ಕಣ್ಣಾರೆ ಕಂಡು ಬಂದರು.

ಹೆಬ್ಬಾರರ ನಿಜವಾದ ಕಾಣಿಕೆ ರೇಖೆ. ಯಕ್ಷಗಾನದ ಸೀಮೆಯಲ್ಲಿ ಬೆಳೆದವರಿಗೆ ಲಯ ಎಂದರೆ ಕಿವಿಯದು ಮಾತ್ರವಲ್ಲ, ಕಾಲಿನದು, ಬೆನ್ನಿನದು. ಆ ಲಯವನ್ನು ಒಳಗಿನಿಂದ ತಿಳಿಯಲೆಂದು ಅವರು ಕಥಕ್ ಗುರು ಸುಂದರ ಪ್ರಸಾದರ ಬಳಿ ನೃತ್ಯವನ್ನೇ ಕಲಿತರು. ಚಿತ್ರಕಾರನೊಬ್ಬ ಒಂದು ಗೆರೆಗಾಗಿ ಗೆಜ್ಜೆ ಕಟ್ಟಿದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. ಅವರ ರೇಖಾಚಿತ್ರಗಳಲ್ಲಿ ಕೈ ಎತ್ತದೆ ಎಳೆದ ಒಂದೇ ಗೆರೆ ಕುಣಿಯುವವಳೂ ಆಗುತ್ತದೆ, ನೇಗಿಲು ಹೊತ್ತವನೂ ಆಗುತ್ತದೆ. ಸೆಜಾನನ ಕಡಲು ಬಣ್ಣದ ಗೋಡೆಯಾದರೆ, ಮೊಂಡ್ರಿಯನ್‌ನ ಕಡಲು ನೆಟ್ಟನೆಯ ಗೀಟುಗಳಾದರೆ, ಹೆಬ್ಬಾರರ ಲೋಕ ಬಳುಕುವ ಗೆರೆಯದು. ಅವರಿಗೆ ನಿಸರ್ಗ ಮನುಷ್ಯರಿಲ್ಲದೆ ಬರಲಿಲ್ಲ ಎಂಬುದೂ ಮುಖ್ಯ. ಮೀನುಗಾರರು, ಕೂಲಿಯವರು, ಹಬ್ಬದ ಜನ ಅವರ ಚಿತ್ರಗಳನ್ನು ತುಂಬಿದ್ದಾರೆ. ಬರೀ ನೀರು, ಬರೀ ದಿಗಂತ ಬಿಡಿಸಿ ತೃಪ್ತಿಪಡುವುದು ಭಾರತದ ಆಧುನಿಕರಲ್ಲಿ ಕಡಿಮೆ. ಇಲ್ಲಿ ಕಡಲತಡಿ ವಿಹಾರದ ಜಾಗಕ್ಕಿಂತ ಹೆಚ್ಚಾಗಿ ದುಡಿಮೆಯ ಜಾಗ. ಬಲೆ, ಬುಟ್ಟಿ, ದೋಣಿ ಎಳೆಯುವ ಬೆನ್ನುಗಳನ್ನು ಬಿಟ್ಟು ಅದನ್ನು ಕಾಣುವುದು ಇಲ್ಲಿಯ ಕಣ್ಣಿಗೆ ಸುಲಭವಲ್ಲ. ನಂತರದ ದಶಕಗಳಲ್ಲಿ ಹೆಬ್ಬಾರರ ಕ್ಯಾನ್ವಾಸಿನಲ್ಲಿ ಆಕೃತಿಗಳು ಕರಗಿ, ಬಣ್ಣ ದಪ್ಪವಾಗಿ, ಮೇಲ್ಮೈ ಒರಟಾಗುತ್ತ ಹೋಯಿತು. 1989ರಲ್ಲಿ ಪದ್ಮಭೂಷಣ ಬಂತು, 1996ರಲ್ಲಿ ತೀರಿಕೊಂಡರು.

ಕನ್ನಡ ಕರಾವಳಿಗೆ ಆಧುನಿಕ ಚಿತ್ರದ ಜೊತೆ ಇನ್ನೊಂದು ನಂಟಿದೆ. 1883ರಲ್ಲಿ ರವೀಂದ್ರನಾಥ ಠಾಕೂರರು, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಕಾರವಾರದಲ್ಲಿ ಕೆಲಕಾಲ ಇದ್ದರು. ಆಗ ಅವರಿಗೆ ಇನ್ನೂ 22 ವರ್ಷ, ಕವಿ ಮಾತ್ರ. ಕುಂಚವನ್ನು ನಿಜವಾಗಿ ಹಿಡಿದದ್ದು ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಅವರ ನಿಸರ್ಗ ಚಿತ್ರಗಳಲ್ಲಿ ಕಪ್ಪಾದ ಮರಗಳ ಹಿಂದೆ ಹಳದಿ ಆಕಾಶ ಉರಿಯುತ್ತದೆ. ಊರು ಯಾವುದು, ಹೊತ್ತು ಯಾವುದು ಎಂದು ಗುರುತಿಸಲು ಏನೂ ಇಲ್ಲ. ಎದುರು ಕೂತು ಬಿಡಿಸಿದವಲ್ಲ ಅವು, ನೆನಪಿನಿಂದ ಎದ್ದವು. ಕಾರವಾರದ ದಂಡೆಗೆ ಇಂದು ಅವರ ಹೆಸರಿದೆ.

ಮದರಾಸಿನ ದಿಕ್ಕಿನಲ್ಲಿ ನಡೆದದ್ದೂ ಕನ್ನಡಿಗರಿಗೆ ಹೊರಗಿನದಲ್ಲ. 1966ರಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಅವರ ನೇತೃತ್ವದಲ್ಲಿ ಕಲಾವಿದರ ಗುಂಪೊಂದು ನಗರದ ದಕ್ಷಿಣಕ್ಕೆ, ಬಂಗಾಳ ಕೊಲ್ಲಿಯ ಮರಳಿನ ಮೇಲೆ ಜಮೀನು ಕೊಂಡು ಚೋಳಮಂಡಲ ಎಂಬ ಕಲಾಗ್ರಾಮ ಕಟ್ಟಿಕೊಂಡಿತು. ಹೊಟ್ಟೆಪಾಡಿಗೆ ಬಾಟಿಕ್, ಲೋಹದ ಕೆಲಸ. ಉಳಿದ ಹೊತ್ತು ಚಿತ್ರ. ಅದನ್ನು ಕಟ್ಟಿದವರಲ್ಲಿ ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್ ಒಬ್ಬರು. ಕಡಲನ್ನೇ ಎದುರಿಟ್ಟುಕೊಂಡು ಬದುಕಿದರೂ ಆ ಗುಂಪಿನ ಹೆಸರು ನಿಂತಿರುವುದು ಕಡಲ ನೋಟಗಳಿಂದಲ್ಲ, ಅಕ್ಷರ, ಚಿಹ್ನೆ, ಮರ, ಮೈಥುನ ಇಂಥ ಕಲ್ಪನೆಗಳಿಂದ.

ಬೆಂಗಳೂರಿನಲ್ಲಿ ಬೇರೊಂದು ಬಗೆಯ ಬಣ್ಣ ಅರಳಿತು. ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯ (1910–1988) ಸ್ವಾತಂತ್ರ್ಯ ಹೋರಾಟದಲ್ಲಿ, ಸೇವಾದಳದಲ್ಲಿ ಬಹಳ ವರ್ಷ ಕಳೆದು, ಆಮೇಲೆ ಪೂರ್ತಿಯಾಗಿ ಚಿತ್ರಕ್ಕೆ ಮರಳಿದವರು. ಹೂಬಿಟ್ಟ ಗುಲ್‌ಮೊಹರ್, ಜಕರಾಂಡ ಮರಗಳ ಎದುರು ಬಯಲಲ್ಲೇ ಕೂತು ಬಿಡಿಸುತ್ತಿದ್ದರು. ಅವರ ಕುಂಚದ ಗೀಟುಗಳು ಬಿಡಿಬಿಡಿಯಾಗಿ ಉಳಿದು, ಸೆರಾನ ಚುಕ್ಕಿಗಳ ಹಾಗೆ ದೂರ ಸರಿದಾಗ ಕೂಡುತ್ತವೆ. ರಷ್ಯದಿಂದ ಬಂದು ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ ಸ್ವೆತೊಸ್ಲಾವ್ ರೋರಿಕ್ (1904–1993) ಬೆಟ್ಟಗಳನ್ನು ನೇರಳೆ, ಕೆಂಪು, ಹಸಿರಿನ ಅಖಂಡ ಹಾಳೆಗಳಾಗಿ ನಿಲ್ಲಿಸಿದರು. ಇಬ್ಬರ ಕೆಲಸದಲ್ಲೂ ಕಡಲಿಲ್ಲ ಎನ್ನಬಹುದು. ಆದರೆ ಕಡಲತಡಿಗಳಲ್ಲಿ ಹುಟ್ಟಿದ ನೋಟ ಒಳನಾಡಿನ ಮರ ಮತ್ತು ಬೆಟ್ಟಗಳ ಮೇಲೆ ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ ಇವೇ ಸಾಕ್ಷಿ. ಬಿಳಿಗಿರಿಯ ಬಿಳಿಯ ಬಂಡೆಯನ್ನು, ಹೊಗೇನಕಲ್ಲಿನ ಕಪ್ಪು ಬಂಡೆಗಳ ನಡುವಿನ ನೀರನ್ನು, ಅದರ ಮೇಲೆ ಗುಂಡಗೆ ತೇಲುವ ತೆಪ್ಪಗಳನ್ನು ಇದೇ ಕಣ್ಣಿನಿಂದ ಬಿಡಿಸಲು ಧಾರಾಳವಾಗಿ ಅವಕಾಶವಿದೆ.

ಕನ್ನಡನಾಡಿನ ಈ ಚಿತ್ರಕಾರರ ಕೆಲಸವನ್ನು ಮೂಲದಲ್ಲಿ ನೋಡಬಯಸುವವರಿಗೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ಹತ್ತಿರದ್ದು. ಅಲ್ಲಿ ರವಿವರ್ಮನ ಜೊತೆಗೆ ವೆಂಕಟಪ್ಪ, ರೋರಿಕ್ ಇದ್ದಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ವೆಂಕಟಪ್ಪನವರ ಜಲವರ್ಣಗಳೂ ಹೆಬ್ಬಾರರು ಕೊಟ್ಟ ಚಿತ್ರಗಳೂ ಒಂದೇ ಕಟ್ಟಡದಲ್ಲಿವೆ. ಒಂದು ಕಿಟಕಿ, ಇನ್ನೊಂದು ಮೇಲ್ಮೈ. ಎರಡನ್ನೂ ಒಂದೇ ಮಧ್ಯಾಹ್ನ ನೋಡಬಹುದು. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಮೂರನೆಯದು.

ಈ ಚಿತ್ರಶಾಲೆಗಳಲ್ಲಿ ಚಿತ್ರದ ಹೆಸರಿನ ಚೀಟಿಯನ್ನು ಕೊನೆಗೆ ಓದುವುದು ಒಳ್ಳೆಯದು. ಮೊದಲು ಒಂದು ಮಾರು ದೂರದಲ್ಲಿ ನಿಂತರೆ ಕಾಣುವುದು ಬಣ್ಣ: ಎಲ್ಲಿ ದಪ್ಪ, ಎಲ್ಲಿ ತೆಳು, ಯಾವುದರ ಮೇಲೆ ಯಾವುದು ಬಿದ್ದಿದೆ ಎಂಬುದು. ಏಳೆಂಟು ಹೆಜ್ಜೆ ಹಿಂದೆ ಸರಿದರೆ ಅದೇ ಬಣ್ಣ ನೀರಾಗುತ್ತದೆ, ನೆಲವಾಗುತ್ತದೆ. ಸೀರೆ ಅಂಗಡಿಯಲ್ಲಿ ಸೆರಗನ್ನು ಬಿಡಿಸಿ ಹಿಡಿದು ಹೆಂಗಸರು ಮಾಡುವುದೂ ಇದನ್ನೇ. ನೂಲನ್ನು ಬೆರಳಲ್ಲಿ ನೋಡಿ, ಆಮೇಲೆ ಕೈ ಚಾಚಿ ಬಣ್ಣವನ್ನು ನೋಡುತ್ತಾರೆ. ಪುಸ್ತಕದಲ್ಲಿ, ಫೋನಿನಲ್ಲಿ ನೋಡಿದಾಗ ಈ ಎರಡು ದೂರಗಳು ಒಂದೇ ಆಗಿಬಿಡುತ್ತವೆ, ಚಿತ್ರದ ಅಳತೆಯೂ ತಪ್ಪುತ್ತದೆ. ಮೂರನೆಯದಾಗಿ ಚಿತ್ರದ ಬದಿಗೆ ಬಂದು ಓರೆಯಾಗಿ ನೋಡಬೇಕು. ಹೆಬ್ಬಾರರ ಕೊನೆಯ ದಶಕಗಳ ಕ್ಯಾನ್ವಾಸಿನಂಥವುಗಳಲ್ಲಿ ಬಣ್ಣ ಉಳುಮೆಯ ಸಾಲಿನಂತೆ ಎದ್ದಿರುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬಿದ್ದರೆ ಪ್ರತಿ ಏಣೂ ತನ್ನದೇ ಸಣ್ಣ ನೆರಳು ಚೆಲ್ಲುತ್ತದೆ, ಹೊತ್ತು ಇಳಿದಂತೆ ಆ ನೆರಳೂ ಉದ್ದವಾಗುತ್ತದೆ.